ಗೋವಿನಜೋಳ, ಬಿಳಿಜೋಳ, ತೊಗರಿ, ರಾಗಿ: ಎಲ್ಲಕ್ಕೂ ಒಂದೇ ಗ್ರೇಡಿಂಗ್ ಯಂತ್ರ ಸಾಕೇ?

ಪ್ರಶ್ನೆ (ರೈತ ಉತ್ಪಾದಕ ಸಂಸ್ಥೆಯ ಕಾರ್ಯದರ್ಶಿ, ರಾಣೆಬೆನ್ನೂರು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಸಂಸ್ಥೆಯ ಮುಖ್ಯ ವ್ಯವಹಾರ ಸದಸ್ಯರ ಗೋವಿನಜೋಳ. ಅದರ ಜೊತೆಗೆ ಹಿಂಗಾರಿನ ಬಿಳಿಜೋಳ ಮತ್ತು ಸ್ವಲ್ಪ ತೊಗರಿಯನ್ನು ಸಂಗ್ರಹಿಸುತ್ತೇವೆ. ಈ ವರ್ಷ ರಾಗಿಯನ್ನೂ ತೆಗೆದುಕೊಳ್ಳುವ ಯೋಚನೆಯಿದೆ. ಗೋವಿನಜೋಳ ಹೆಚ್ಚಾಗಿ ಕೋಳಿ ಆಹಾರ ತಯಾರಿಸುವವರಿಗೆ ಹೋಗುತ್ತದೆ. ಲಾರಿ ಅಲ್ಲಿಗೆ ತಲುಪಿದ ಮೇಲೆ ಅವರು ತಮ್ಮದೇ ಸ್ಯಾಂಪಲ್ ತೆಗೆದು, ತೇವಾಂಶ ಇಷ್ಟು, ಹಾಳಾದ ಕಾಳು ಇಷ್ಟು, ಆದ್ದರಿಂದ ಕಡಿತ ಇಷ್ಟು ಎಂದು ಹೇಳುತ್ತಾರೆ. ಮಾಲನ್ನು ಮರಳಿ ತರುವ ಬಾಡಿಗೆ ನಮ್ಮ ಕೈಯಲ್ಲಿಲ್ಲದ ಕಾರಣ ಒಪ್ಪಿಕೊಳ್ಳುತ್ತೇವೆ. ಕಳೆದ ಹಂಗಾಮಿನಲ್ಲಿ ನಮ್ಮ ಕಣದಲ್ಲಿ 14 ತೋರಿಸಿದ್ದ ತೇವಾಂಶ ಅವರಲ್ಲಿ 15.6 ಆಗಿತ್ತು. ಆ ಲಾರಿಯಲ್ಲಿ ಮಾಲು ಹಾಕಿದ್ದ ರೈತರಿಗೆ ಇದನ್ನು ವಿವರಿಸುವುದು ನನ್ನ ಪಾಲಿಗೆ ಬಂತು.

ಇದೇ ಹೊತ್ತಿನಲ್ಲಿ ಕ್ಯಾಮೆರಾದಿಂದ ಕಾಳನ್ನು ನೋಡಿ ದರ್ಜೆ ಹೇಳುವ ಯಂತ್ರವೊಂದನ್ನು ಮಾರುವವರು ಬಂದು, ಇಪ್ಪತ್ತು ಬೆಳೆಗಳಿಗೆ ಇದೊಂದೇ ಸಾಕು, ಒಂದು ನಿಮಿಷದಲ್ಲಿ ಫಲಿತಾಂಶ, ನಿಖರತೆ ಶೇ 97 ಎಂದು ಹೇಳಿ, ನಮ್ಮ ಗೋದಾಮಿನಲ್ಲೇ ತೋರಿಸಿದರು. ಒಂದೇ ಚೀಲದಿಂದ ಮೂರು ಬಾರಿ ತಲಾ 50 ಗ್ರಾಂ ಗೋವಿನಜೋಳ ತೆಗೆದು ತಟ್ಟೆಗೆ ಹಾಕಿದಾಗ, ಹಾಳಾದ ಕಾಳಿನ ಪ್ರಮಾಣ ಶೇ 2.5, ಶೇ 4, ಶೇ 3 ಎಂದು ಬಂತು. ಯಂತ್ರದ ಬೆಲೆ ನಮ್ಮ ಸಂಸ್ಥೆಯ ಒಂದು ವರ್ಷದ ಲಾಭಕ್ಕಿಂತ ಹೆಚ್ಚಿದೆ. ಅಂಕಿಗಳು ಹೀಗೆ ಏರಿಳಿಯುವುದು ಯಂತ್ರದ ದೋಷವೇ? ನಾಲ್ಕು ಬೆಳೆಗೂ ಒಂದೇ ಯಂತ್ರವನ್ನು ನಂಬಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಧಾನ್ಯ ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ, ಮೈಸೂರು)

ಮೊದಲು ಆ ಮೂರು ಅಂಕಿಗಳನ್ನು ಶೇಕಡಾದಿಂದ ಕಾಳಿನ ಲೆಕ್ಕಕ್ಕೆ ಇಳಿಸಿ ನೋಡಿ. ಮೆಕ್ಕೆಜೋಳದ (ತಾವು ಗೋವಿನಜೋಳ ಎನ್ನುವುದು ಇದನ್ನೇ) ಒಂದು ಕಾಳು ಸುಮಾರು ಕಾಲು ಗ್ರಾಂ ತೂಗುತ್ತದೆ. 50 ಗ್ರಾಂ ಎಂದರೆ ಹೆಚ್ಚು ಕಡಿಮೆ 200 ಕಾಳು. ಅಂದರೆ ಯಂತ್ರ ಒಮ್ಮೆ 5, ಒಮ್ಮೆ 8, ಒಮ್ಮೆ 6 ಹಾಳಾದ ಕಾಳು ಕಂಡಿದೆ, ಅಷ್ಟೇ. ಚೀಲದಲ್ಲಿ ನಿಜವಾಗಿಯೂ ಶೇ 3 ಹಾಳಾದ ಕಾಳಿದ್ದು, ಯಂತ್ರ ಒಂದೂ ತಪ್ಪು ಮಾಡದೆ ಎಣಿಸಿದರೂ, 200 ಕಾಳಿನ ಸ್ಯಾಂಪಲ್‌ನಲ್ಲಿ ನೂರಕ್ಕೆ ತೊಂಬತ್ತೈದು ಸಲ 2ರಿಂದ 11ರವರೆಗೆ ಎಷ್ಟು ಬೇಕಾದರೂ ಸಿಗಬಹುದು, ಅಂದರೆ ಶೇ 1ರಿಂದ ಶೇ 5.5ರವರೆಗೆ. ಸ್ಯಾಂಪಲ್ಲನ್ನು ಒಂದು ಕಿಲೋಗೆ, ಅಂದರೆ ಸುಮಾರು 4,000 ಕಾಳಿಗೆ ಏರಿಸಿದರೆ ಇದೇ ಏರಿಳಿತ ಸುಮಾರು ಶೇ 2.5ರಿಂದ 3.5ರೊಳಗೆ ನಿಲ್ಲುತ್ತದೆ. ತಟ್ಟೆ ಚಿಕ್ಕದಿದ್ದರೆ ಅದೇ ಕಿಲೋವನ್ನು ಇಪ್ಪತ್ತು ಬಾರಿ ಹಾಕಿ ಒಟ್ಟು ಲೆಕ್ಕ ತೆಗೆಯಬೇಕಾಗುತ್ತದೆ. ಆಗ 'ಒಂದು ನಿಮಿಷ' ಎಂಬ ಮಾತು ಇಪ್ಪತ್ತು ನಿಮಿಷವಾಗುತ್ತದೆ.

ಬೆಳೆ ಬದಲಾದರೆ ಈ ಲೆಕ್ಕವೇ ತಲೆಕೆಳಗಾಗುತ್ತದೆ. ರಾಗಿಯ ಸಾವಿರ ಕಾಳು ಎರಡೂವರೆ ಗ್ರಾಂ ಆಸುಪಾಸು ತೂಗುವುದರಿಂದ 50 ಗ್ರಾಂ ರಾಗಿಯಲ್ಲಿ ಸುಮಾರು 20,000 ಕಾಳುಗಳಿರುತ್ತವೆ. ಎಣಿಕೆಯ ಮಟ್ಟಿಗೆ ಅದು ಬೇಕಾದಷ್ಟಾಯಿತು. ಆದರೆ ಒಂದರ ಮೇಲೊಂದು ಬೀಳದಂತೆ ಅಷ್ಟನ್ನು ತಟ್ಟೆಯಲ್ಲಿ ಹರಡುವುದು ಆಗದ ಮಾತು. ಆದ್ದರಿಂದ 'ಎಲ್ಲ ಬೆಳೆಗೂ 50 ಗ್ರಾಂ' ಎಂದು ಯಾರಾದರೂ ಹೇಳಿದರೆ, ಅವರು ಇದನ್ನು ಯೋಚಿಸಿಲ್ಲವೆಂದೇ ತಿಳಿಯಬೇಕು.

ಎರಡನೆಯದು, ಇದು ಹೆಚ್ಚಿನವರ ಗಮನಕ್ಕೆ ಬಾರದ ವಿಷಯ. ಬೆಂಬಲ ಬೆಲೆ ಖರೀದಿಯ ಎಫ್‌ಎಕ್ಯೂ (ಸರಾಸರಿ ಉತ್ತಮ ಗುಣಮಟ್ಟ) ಮಾನದಂಡದಲ್ಲಿ ಹುಳು ಕೊರೆದ ಕಾಳನ್ನು ಎಣಿಕೆಯಿಂದ ಲೆಕ್ಕ ಹಾಕುತ್ತಾರೆ, ಉಳಿದ ದೋಷಗಳನ್ನು ತೂಕದಿಂದ. ಕ್ಯಾಮೆರಾ ತೂಕ ನೋಡುವುದಿಲ್ಲ. ಅದು ಕಾಳನ್ನು ಎಣಿಸುತ್ತದೆ ಅಥವಾ ಅದರ ಹರವನ್ನು ಅಳೆದು ತೂಕವನ್ನು ಅಂದಾಜು ಮಾಡುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. 200 ಕಾಳಿನಲ್ಲಿ 8 ಮುರುಟಿದವು ಎಂದುಕೊಳ್ಳಿ. ಎಣಿಕೆಯಿಂದ ಅದು ಶೇ 4. ಆದರೆ ಮುರುಟಿದ ಕಾಳು 0.25 ಗ್ರಾಂ ಬದಲು 0.15 ಗ್ರಾಂ ತೂಗಿದರೆ, ಎಂಟೂ ಸೇರಿ 1.2 ಗ್ರಾಂ, ಒಟ್ಟು ತೂಕ 49.2 ಗ್ರಾಂ, ಅಂದರೆ ಶೇ 2.4 ಮಾತ್ರ. ಮೆಕ್ಕೆಜೋಳದಲ್ಲಿ ಮುರುಟಿದ ಮತ್ತು ಬಲಿಯದ ಕಾಳಿಗೆ ಮಿತಿ ಶೇ 3. ಒಂದೇ ತಟ್ಟೆ ಒಂದು ಲೆಕ್ಕದಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ಮಾರುವವರನ್ನು ಕೇಳಲೇಬೇಕಾದ ಪ್ರಶ್ನೆ ಇದು: ನಿಮ್ಮ ಶೇಕಡಾ ಎಣಿಕೆಯದೋ, ತೂಕದ್ದೋ?

ತಮ್ಮ ತೇವಾಂಶದ ಕಥೆಗೂ ಕ್ಯಾಮೆರಾಗೂ ಸಂಬಂಧವಿಲ್ಲ. ಬಣ್ಣದ ಕ್ಯಾಮೆರಾ ತೇವಾಂಶವನ್ನು ಕಾಣಲಾರದು. ಆ ಯಂತ್ರದಲ್ಲಿ ತೇವಾಂಶ ತೋರಿಸಿದ್ದರೆ ಒಳಗೆ ಬೇರೆಯೇ ಮಾಪಕ ಇಟ್ಟಿರುತ್ತಾರೆ. ಗೋದಾಮುಗಳಲ್ಲಿರುವ ಸಾಮಾನ್ಯ ಮಾಪಕ ಕಾಳಿನ ವಿದ್ಯುತ್ ಗುಣವನ್ನು ಅಳೆದು ಅದರಿಂದ ತೇವಾಂಶವನ್ನು ಊಹಿಸುತ್ತದೆ. ಬಿಸಿಲಲ್ಲಿ ಹರವಿ ಆಗಷ್ಟೇ ಬಾಚಿದ ಕಾಳಿನ ಹೊರಮೈ ಒಣಗಿ, ಒಡಲು ಇನ್ನೂ ಹಸಿಯಾಗಿರುತ್ತದೆ. ಅಂಥ ಕಾಳಿಗೆ ಮಾಪಕ ಕಡಿಮೆ ತೋರಿಸುತ್ತದೆ. ಒಂದು ರಾತ್ರಿ ಚೀಲದಲ್ಲಿ ಕುಳಿತ ಮೇಲೆ ಒಳಗಿನ ನೀರು ಹೊರಗೆ ಹಂಚಿಕೊಂಡು ಅದೇ ಕಾಳು ಒಂದೂವರೆ ಅಂಶ ಹೆಚ್ಚು ತೋರಿಸುವುದು ಹೊಸದಲ್ಲ. 14 ಮತ್ತು 15.6ರ ನಡುವೆ ಯಾರೂ ಮೋಸ ಮಾಡದೆ ಇರುವ ಸಾಧ್ಯತೆಯೂ ಇದೆ. ಕೊನೆಯ ಮಾತು ಒಲೆಯದ್ದು: ಪುಡಿ ಮಾಡಿದ ಮೆಕ್ಕೆಜೋಳವನ್ನು 130 ಡಿಗ್ರಿಯಲ್ಲಿ 4 ಗಂಟೆ ಇಟ್ಟು ತೂಕದ ಇಳಿಕೆ ನೋಡುವ ವಿಧಾನ. ಹಂಗಾಮಿನ ಆರಂಭದಲ್ಲಿ ನಾಲ್ಕೈದು ಸ್ಯಾಂಪಲ್‌ಗಳನ್ನು ಹೀಗೆ ಪರೀಕ್ಷೆ ಮಾಡಿಸಿ ತಮ್ಮ ಮಾಪಕದೊಂದಿಗೆ ಹೋಲಿಸಿಕೊಳ್ಳಿ. ಪ್ರತಿ ಬೆಳೆಗೂ ಬೇರೆ ಬೇರೆ ಹೋಲಿಸಬೇಕು, ಏಕೆಂದರೆ ವಿದ್ಯುತ್ ಗುಣದಿಂದ ತೇವಾಂಶವನ್ನು ಲೆಕ್ಕ ಹಾಕಲು ಮಾಪಕದೊಳಗೆ ಬೆಳೆಗೊಂದು ಪ್ರತ್ಯೇಕ ರೇಖೆ ಇರುತ್ತದೆ.

ಕಡಿತದ ಲೆಕ್ಕವನ್ನೂ ಒಮ್ಮೆ ತಾಳೆ ನೋಡಿ. 15.6ರ ಕಾಳು 14ಕ್ಕೆ ಒಣಗಿದರೆ ಕ್ವಿಂಟಲ್‌ಗೆ 98.14 ಕಿಲೋ ಉಳಿಯುತ್ತದೆ. ಕಳೆಯುವ ನೀರು 1.86 ಕಿಲೋ. ಒಣಗಿಸುವ ಖರ್ಚನ್ನು ಬೇರೆಯಾಗಿ ಹೇಳಿದರೆ ಹೇಳಲಿ. ಆದರೆ ತೂಕದಲ್ಲಿ ಇದಕ್ಕಿಂತ ಹೆಚ್ಚು ಹಿಡಿದಿದ್ದರೆ, ಅದು ನೀರಿನ ಕಡಿತವಲ್ಲ.

ಉತ್ತರ 2 (ನಿವೃತ್ತ ಗ್ರೇಡರ್, ಕಲಬುರಗಿ)

ಮೇಲಿನವರ ಬರಹದಲ್ಲಿ ತಪ್ಪಿಲ್ಲ, ಆದರೆ ಅವರು ಪ್ರಯೋಗಾಲಯಕ್ಕೆ ಬಂದ ಸ್ಯಾಂಪಲ್‌ನಿಂದ ಮಾತು ಆರಂಭಿಸಿದ್ದಾರೆ. ನಾನು ಅದಕ್ಕೂ ಮೊದಲಿನ ಮಾತು ಹೇಳುತ್ತೇನೆ. ಮಾರುಕಟ್ಟೆ ಪ್ರಾಂಗಣದಲ್ಲಿ ಸ್ಯಾಂಪಲ್ ತೆಗೆಯುವ ಕೈ ಯಾರದು ಎಂಬುದರಲ್ಲೇ ದರ್ಜೆಯ ಮುಕ್ಕಾಲು ಪಾಲು ತೀರ್ಮಾನವಾಗಿಬಿಡುತ್ತದೆ. ರಾಶಿಯ ನೆತ್ತಿಯಲ್ಲಿ ಒಳ್ಳೆಯ ಕಾಳು, ಅಂಚಿನಲ್ಲಿ ದಪ್ಪ ಕಾಳು ಮತ್ತು ಹೆಂಟೆ, ನಡುವೆ ದೂಳು, ಹೊಟ್ಟು, ನುಚ್ಚು. ಚೀಲದ ಬಾಯಿಂದ ತೆಗೆದ ಹಿಡಿಗೂ ಬುಡದಿಂದ ತೆಗೆದ ಹಿಡಿಗೂ ಅಜಗಜಾಂತರ. ಕೊಳವೆಯನ್ನು ಪ್ರತಿ ಹತ್ತನೆಯ ಚೀಲಕ್ಕಾದರೂ ಓರೆಯಾಗಿ ಆಳಕ್ಕೆ ಚುಚ್ಚಿ, ತೆಗೆದದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದೆರಡನ್ನು ಚೀಲಕ್ಕೆ ಮರಳಿಸಿ, ಹೀಗೆ ಬೇಕಾದ ತೂಕಕ್ಕೆ ಇಳಿಸಿದರೆ ಮಾತ್ರ ಯಂತ್ರಕ್ಕೆ ಹಾಕುವುದರಲ್ಲಿ ಅರ್ಥವಿದೆ.

ತೊಗರಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ನನ್ನ ಕಣ್ಣು ಸವೆದದ್ದೇ ಅದರ ಮೇಲೆ. ನಮ್ಮ ಭಾಗದ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಹೆಸರು ಬಂದ ಮೇಲೆ ಬೇರೆ ಮಾಲು ಬೆರೆಸುವ ಆಸೆಯೂ ಬರುತ್ತದೆ. ಕೆಂಪು ತೊಗರಿ, ಬಿಳಿ ತೊಗರಿ, ಕರಿ ತೊಗರಿ ಎಲ್ಲವೂ ಒಳ್ಳೆಯ ತೊಗರಿಯೇ. ಕೆಂಪು ತೊಗರಿಯನ್ನಷ್ಟೇ ನೋಡಿ ಕಲಿತ ಯಂತ್ರದ ಮುಂದೆ ಬಿಳಿಯದನ್ನು ಹಾಕಿದರೆ ಅದು 'ಬಣ್ಣಗೆಟ್ಟದ್ದು' ಎಂದು ಬರೆಯುತ್ತದೆ. ನಮ್ಮ ಪ್ರಾಂಗಣದಲ್ಲಿ ಒಂದು ಪ್ರದರ್ಶನದ ದಿನ ಹಾಗೆಯೇ ಆಯಿತು. ಹುಳದ ವಿಷಯವೂ ಸುಲಭವಲ್ಲ. ಕಾಳಿನ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಕಂಡರೆ ಅದು ಮೊಟ್ಟೆ. ಮರಿ ಒಳಗೆ ಕೊರೆದು ತಿನ್ನುತ್ತಿರುವಾಗ ಹೊರಗೆ ಏನೂ ಕಾಣುವುದಿಲ್ಲ. ದುಂಡನೆಯ ತೂತು ಕಾಣುವ ಹೊತ್ತಿಗೆ ಹುಳ ಹೊರಗೆ ಬಂದು ಹೋಗಿರುತ್ತದೆ. ಕ್ಯಾಮೆರಾ ತೂತನ್ನು ಚೆನ್ನಾಗಿ ಎಣಿಸುತ್ತದೆ, ಒಳಗೆ ಕುಳಿತ ಹುಳವನ್ನು ಅದೂ ಕಾಣದು, ನಾನೂ ಕಾಣೆ. ಬೂಷ್ಟಿನ ವಾಸನೆಯಾದರೆ ಚೀಲ ಬಿಚ್ಚಿದೊಡನೆ ನನ್ನ ಮೂಗಿಗೆ ತಿಳಿಯುತ್ತದೆ. ಅದನ್ನು ಯಂತ್ರ ಬರೆಯುವುದಿಲ್ಲ.

ಹೀಗೆಂದು ಯಂತ್ರ ಬೇಡ ಎನ್ನುವವನು ನಾನಲ್ಲ. ಬೆಳಗ್ಗೆ ಹತ್ತು ಗಂಟೆಯ ನನ್ನ ಕಣ್ಣಿಗೂ, ನೂರು ಲಾಟ್ ನೋಡಿ ಊಟ ಮಾಡಿ ಬಂದ ಮೇಲಿನ ಕಣ್ಣಿಗೂ ವ್ಯತ್ಯಾಸವಿತ್ತೆಂದು ಈಗ ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಪಕ್ಕದಲ್ಲಿ ಖರೀದಿದಾರ ನಿಂತಿದ್ದಾಗ ಒಂದು ಲೆಕ್ಕ, ರೈತ ನಿಂತಿದ್ದಾಗ ಇನ್ನೊಂದು ಲೆಕ್ಕ ಎಂಬ ದೂರು ನಮ್ಮ ವೃತ್ತಿಯವರ ಮೇಲೆ ಸುಮ್ಮನೆ ಹುಟ್ಟಿದ್ದಲ್ಲ. ರಾಜ್ಯದಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ, 2016ರ ಏಪ್ರಿಲ್ 14ರಿಂದ ದೇಶಕ್ಕೆ ಇ-ನಾಮ್ ಎಂಬ ಆನ್‌ಲೈನ್ ಕೃಷಿ ಮಾರುಕಟ್ಟೆ ಬಂದಾಗ, ದೂರದ ಖರೀದಿದಾರ ಮಾಲನ್ನು ಮುಟ್ಟದೆ ಬೆಲೆ ಕೂಗಬೇಕಾದರೆ ಗುಣಮಟ್ಟದ ಚೀಟಿ ನಂಬುವಂತಿರಬೇಕು ಎಂಬುದೇ ಮೂಲ ವಿಚಾರವಾಗಿತ್ತು. ನಾನು ಕಂಡಂತೆ, ಚೀಟಿ ಅಂಟಿಸಿದ ರಾಶಿಯನ್ನೂ ವ್ಯಾಪಾರಿಗಳು ಕೈಹಾಕಿ ನೋಡಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದೇ ಟೆಂಡರ್ ಬರೆಯುತ್ತಿದ್ದರು.

ಉತ್ತರ 3 (ಅಕ್ಕಿ ಗಿರಣಿ, ಗಂಗಾವತಿ)

ನಮ್ಮ ಗಿರಣಿಯಲ್ಲಿ ಸಾರ್ಟೆಕ್ಸ್ ಯಂತ್ರ ಹಗಲಿರುಳು ನಡೆಯುತ್ತದೆ. ಸಾರ್ಟೆಕ್ಸ್ ಎಂಬುದು ಮೂಲದಲ್ಲಿ ಒಂದು ಬ್ರಿಟಿಷ್ ಕಂಪನಿಯ ಹೆಸರು. ನಮ್ಮ ಕಡೆ ಯಾವ ಕಂಪನಿಯ ಯಂತ್ರವಾದರೂ ಅದು ಸಾರ್ಟೆಕ್ಸೇ. ಅದರ ಕೆಲಸ ಆರಿಸಿ ತೆಗೆಯುವುದು, ತಾವು ಕೇಳುತ್ತಿರುವುದು ಅಳೆದು ಹೇಳುವ ಯಂತ್ರ. ಈ ಎರಡನ್ನು ಒಂದೇ ಎಂದು ಮಾರುವವರೂ ಇದ್ದಾರೆ, ಎಚ್ಚರವಿರಲಿ. ಸಾರ್ಟೆಕ್ಸ್‌ನಲ್ಲಿ ಅಕ್ಕಿ ಓರೆ ಕಾಲುವೆಯಲ್ಲಿ ಒಂದೊಂದಾಗಿ ಜಾರಿ ಬೀಳುವಾಗ ಎರಡೂ ಬದಿಯ ಕ್ಯಾಮೆರಾ ನೋಡಿ, ಕೆಟ್ಟದ್ದಕ್ಕೆ ಗಾಳಿಯ ಪೆಟ್ಟು ಕೊಟ್ಟು ಬೇರೆ ಮಾಡುತ್ತದೆ. ಆ ಪೆಟ್ಟಿಗೆ ಪಕ್ಕದ ಒಳ್ಳೆಯ ಕಾಳೂ ಸಿಕ್ಕಿ ಹೋಗುತ್ತದೆ, ಆದ್ದರಿಂದ ತಿರಸ್ಕೃತವಾದದ್ದನ್ನು ಮತ್ತೆ ಹಾಯಿಸುತ್ತೇವೆ. ಅಳೆಯುವ ಯಂತ್ರಕ್ಕೆ ಹೀಗೆ ಎರಡನೆಯ ಅವಕಾಶವಿಲ್ಲ.

ತಮಗೆ ನೇರವಾಗಿ ಉಪಯೋಗಕ್ಕೆ ಬರುವ ಮಾತು ಒಂದಿದೆ. ತಟ್ಟೆಯ ಯಂತ್ರದಲ್ಲಿ ಕ್ಯಾಮೆರಾ ಮೇಲಿನಿಂದ ಮಾತ್ರ ನೋಡಿದರೆ, ಕೆಟ್ಟ ಮಗ್ಗುಲು ಕೆಳಗಾಗಿ ಬಿದ್ದ ಕಾಳಿನ ದೋಷ ಕಾಣುವುದಿಲ್ಲ. ಗೋವಿನಜೋಳದ ಮೊಳಕೆಯ ಭಾಗ ಒಂದೇ ಬದಿಗಿರುತ್ತದೆ, ಬೂಷ್ಟು ಹತ್ತುವುದೂ ಹೆಚ್ಚಾಗಿ ಅಲ್ಲಿಯೇ. ಆದ್ದರಿಂದ ಅದೇ 200 ಕಾಳನ್ನು ಬದಲಿಸದೆ ತಟ್ಟೆ ಅಲುಗಿಸಿ ಐದು ಬಾರಿ ನೋಡಿಸಿ, ಆಮೇಲೆ ಕೈಯಿಂದ ಆರಿಸಿ ಹೋಲಿಸಿ. ಆಗ ಸ್ಯಾಂಪಲ್‌ನ ಏರಿಳಿತ ಯಾವುದು, ಯಂತ್ರದ ತಪ್ಪು ಯಾವುದು ಎಂದು ಬೇರೆ ಬೇರೆಯಾಗಿ ಕಾಣುತ್ತದೆ.

ಗಾಜಿನ ಮೇಲೆ ದೂಳು ಕುಳಿತ ದಿನ ನಮ್ಮ ಯಂತ್ರ ಒಳ್ಳೆಯ ಅಕ್ಕಿಯನ್ನೂ ಹೊಡೆಯುತ್ತದೆ. ಗೋವಿನಜೋಳದ ಗೋದಾಮಿನ ದೂಳು ನಮ್ಮಲ್ಲಿಗಿಂತ ಹೆಚ್ಚು. ದಿನಕ್ಕೆ ಎರಡು ಸಲ ಒರೆಸಿ, ಬಿಳಿ ಫಲಕ ಇಟ್ಟು ಬೆಳಕನ್ನು ಸರಿಹೊಂದಿಸುವ ಹುಡುಗ ಒಬ್ಬ ಬೇಕು; ಬೆಲೆ ಕೇಳುವಾಗ ಅವನ ಸಂಬಳವನ್ನೂ ಸೇರಿಸಿಕೊಳ್ಳಿ. ಭತ್ತದ ಮಾತು ತಾವು ಎತ್ತಿಲ್ಲ, ಆದರೂ ಹೇಳಿಬಿಡುತ್ತೇನೆ: ಭತ್ತವನ್ನು ಹೊಟ್ಟಿನ ಸಮೇತ ಫೋಟೊ ತೆಗೆದು ಒಳಗಿನ ಅಕ್ಕಿಯ ಬಣ್ಣ ಹೇಳುತ್ತೇನೆ ಎನ್ನುವ ಯಂತ್ರವನ್ನು ನಾನು ನಂಬುವುದಿಲ್ಲ. ಸ್ಯಾಂಪಲ್ಲನ್ನು ಚಿಕ್ಕ ಹಲ್ಲರ್‌ನಲ್ಲಿ ಸುಲಿದೇ ನೋಡಬೇಕು.

ಉತ್ತರ 4 (ಚಿತ್ರ ವಿಶ್ಲೇಷಣೆಯ ತಂತ್ರಾಂಶ ಬರೆಯುವವನು, ಬೆಂಗಳೂರು)

ಇಂಥ ತಂತ್ರಾಂಶಗಳ ಮೇಲೆ ಕೆಲಸ ಮಾಡಿದವನಾಗಿ ಒಂದೆರಡು ವಿಷಯ. 'ಶೇ 97 ನಿಖರತೆ' ಎಂಬ ಮಾತಿಗೆ ಮರುಳಾಗಬೇಡಿ. ತಮ್ಮ ಚೀಲದಲ್ಲಿ ಶೇ 3 ಮಾತ್ರ ಹಾಳಾದ ಕಾಳಿದ್ದರೆ, ಏನನ್ನೂ ನೋಡದೆ ಎಲ್ಲವನ್ನೂ 'ಒಳ್ಳೆಯದು' ಎಂದು ಬರೆಯುವ ತಂತ್ರಾಂಶಕ್ಕೂ ಶೇ 97 ನಿಖರತೆಯೇ ಸಿಗುತ್ತದೆ. ಕೇಳಬೇಕಾದ್ದು ಬೇರೆ: ನಿಜವಾಗಿ ಹಾಳಾದ ನೂರು ಕಾಳಿನಲ್ಲಿ ಯಂತ್ರ ಎಷ್ಟನ್ನು ಹಿಡಿಯಿತು? ಹಾಳಾದದ್ದೆಂದು ಯಂತ್ರ ಹೇಳಿದ ನೂರರಲ್ಲಿ ಎಷ್ಟು ನಿಜ? ಈ ಎರಡು ಅಂಕಿಗಳನ್ನು ಬೆಳೆವಾರು, ದೋಷವಾರು ಬರೆದುಕೊಡಲು ಒಪ್ಪದವರಿಂದ ಕೊಳ್ಳಬೇಡಿ.

'ಒಂದೇ ಯಂತ್ರ, ಇಪ್ಪತ್ತು ಬೆಳೆ' ಎಂದರೆ ಪೆಟ್ಟಿಗೆ ಒಂದೇ, ಒಳಗೆ ಇಪ್ಪತ್ತು ಬೇರೆ ಬೇರೆ ತಂತ್ರಾಂಶ. ಪ್ರತಿಯೊಂದಕ್ಕೂ ಸಾವಿರಾರು ಕಾಳಿನ ಚಿತ್ರಗಳನ್ನು ಬಲ್ಲವರು ನೋಡಿ ಗುರುತು ಹಾಕಿರಬೇಕು. ಗೋಧಿಗೂ ಅಕ್ಕಿಗೂ ಆ ಕೆಲಸ ಸಾಕಷ್ಟು ನಡೆದಿದೆ. ರಾಗಿಯ ಬಗ್ಗೆ ನನಗೆ ಅನುಮಾನವಿದೆ. ಅಂಗುಲಕ್ಕೆ 300 ಚುಕ್ಕೆ ಹಿಡಿಯುವ ಸ್ಕ್ಯಾನರ್‌ನಲ್ಲಿ ಗೋವಿನಜೋಳದ ಕಾಳು ಸುಮಾರು 118 ಚುಕ್ಕೆ ಅಗಲ ಕಾಣುತ್ತದೆ, ಒಂದೂವರೆ ಮಿಲಿಮೀಟರ್ ರಾಗಿ ಬರೀ 18 ಚುಕ್ಕೆ. ಆ 18 ಚುಕ್ಕೆಯಲ್ಲಿ ಕಂದು ರಾಗಿಯನ್ನೂ ಅದೇ ಬಣ್ಣ, ಅದೇ ಗಾತ್ರದ ಮಣ್ಣಿನ ಹರಳನ್ನೂ ಬೇರ್ಪಡಿಸಲು ನಾನು ತಿಂಗಳುಗಟ್ಟಲೆ ಹೆಣಗಿದ್ದೇನೆ. ನಮ್ಮ ಅಜ್ಜಿ ಮೊರದಲ್ಲಿ ಕೇರಿ ನಿಮಿಷದಲ್ಲಿ ಬೇರೆ ಮಾಡುತ್ತಿದ್ದರು, ಏಕೆಂದರೆ ಹರಳು ಭಾರ. ಮೊರ ತೂಕವನ್ನು ಕಾಣುತ್ತದೆ, ಕ್ಯಾಮೆರಾ ಕಾಣುವುದಿಲ್ಲ.

ಬಿಳಿಜೋಳದಲ್ಲಿ ಇನ್ನೊಂದು ತೊಡಕಿದೆ. ತೆನೆಯ ಹೊಟ್ಟಿನ ಬಣ್ಣ ಕಾಳಿಗೆ ಹತ್ತಿದ ಕೆಂಪು ಕಲೆಗೂ, ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಕಪ್ಪು ಕಲೆಗೂ ಬೆಲೆಯಲ್ಲಿ ಬಹಳ ವ್ಯತ್ಯಾಸವಿದೆ. ತಮ್ಮ ಊರಿನ ಜೋಳದಿಂದ ಕಲಿಸದ ಹೊರತು ತಂತ್ರಾಂಶ ಎರಡನ್ನೂ ಒಂದೇ ಕಟ್ಟಿಗೆ ಹಾಕುತ್ತದೆ. ಕೋಳಿ ಆಹಾರದವರಿಗೆ ಗೋವಿನಜೋಳ ಕಳಿಸುವ ತಾವು ಇನ್ನೊಂದನ್ನು ನೆನಪಿಡಬೇಕು: ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಬಣ್ಣದ ಕ್ಯಾಮೆರಾಗೆ ಕಾಣುವುದಿಲ್ಲ. ಬೂಷ್ಟು ಕಂಡ ಕಾಳಿನಲ್ಲಿ ವಿಷ ಇಲ್ಲದಿರಬಹುದು, ಚೆನ್ನಾಗಿ ಕಾಣುವ ಕಾಳಿನಲ್ಲಿ ಇರಬಹುದು. ಅದಕ್ಕೆ ರಾಸಾಯನಿಕ ಪರೀಕ್ಷೆಯೇ ಬೇಕು.

ಪ್ರಶ್ನೆ ಕೇಳಿದವರ ಮರುಬರಹ (ಒಂದು ವಾರದ ನಂತರ)

ಇಷ್ಟು ಶ್ರಮ ವಹಿಸಿ ಬರೆದ ಎಲ್ಲರಿಗೂ ನಮ್ಮ ಸದಸ್ಯರ ಪರವಾಗಿ ಕೃತಜ್ಞತೆಗಳು. ಮಾರುವವರನ್ನು ಮತ್ತೊಮ್ಮೆ ಕರೆಸಿದೆವು. ಅದೇ 200 ಕಾಳನ್ನು ತಟ್ಟೆ ಅಲುಗಿಸಿ ಐದು ಬಾರಿ ನೋಡಿಸಿದಾಗ 5, 6, 5, 7, 5 ಎಂದು ಬಂತು. ಆಮೇಲೆ ನಮ್ಮ ಹಿರಿಯ ಹಮಾಲರೊಬ್ಬರು ಕೈಯಿಂದ ಆರಿಸಿ 8 ಕಾಳು ಪಕ್ಕಕ್ಕಿಟ್ಟರು. ಅವುಗಳಲ್ಲಿ ಮೂರರ ಮೊಳಕೆಯ ಬದಿ ಕಪ್ಪಾಗಿತ್ತು, ಇನ್ನೊಂದು ಬದಿ ಹೊಳೆಯುತ್ತಿತ್ತು. ಶೇಕಡಾ ಎಣಿಕೆಯದೋ ತೂಕದ್ದೋ ಎಂದು ಕೇಳಿದಾಗ ಬಂದವರು ಫೋನ್ ಮಾಡಿ ವಿಚಾರಿಸಿ, 'ಹರವಿನಿಂದ ಅಂದಾಜು' ಎಂದು ಉತ್ತರಿಸಿದರು.

ತೇವಾಂಶವನ್ನೂ ನೋಡಿದೆವು. ಕಣದಿಂದ ಸಂಜೆ ಬಾಚಿದ ಕಾಳಿಗೆ ನಮ್ಮ ಮಾಪಕ 14.1 ತೋರಿಸಿತು. ಅದನ್ನೇ ಮುಚ್ಚಳದ ಡಬ್ಬಿಯಲ್ಲಿ ತುಂಬಿಟ್ಟು ಮರುದಿನ ಬೆಳಗ್ಗೆ ನೋಡಿದರೆ 15.2. ಕಳೆದ ವರ್ಷದ ಖರೀದಿದಾರರ ಮೇಲೆ ನಾನು ಹೊರಿಸಿದ್ದ ಆರೋಪದಲ್ಲಿ ಸ್ವಲ್ಪ ಭಾಗವನ್ನಾದರೂ ಹಿಂದಕ್ಕೆ ಪಡೆಯಬೇಕಾಗಿದೆ. ಆದರೆ ಕಡಿತದ ಚೀಟಿ ತೆಗೆದು ನೋಡಿದಾಗ ಕ್ವಿಂಟಲ್‌ಗೆ 1.86 ಕಿಲೋ ಇರಬೇಕಾದಲ್ಲಿ 3 ಕಿಲೋ ಎಂದು ಬರೆದಿದೆ. ಆ ಭಾಗವನ್ನು ಹಿಂದಕ್ಕೆ ಪಡೆಯುವುದಿಲ್ಲ.

ಕ್ಯಾಮೆರಾ ಯಂತ್ರವನ್ನು ಈ ವರ್ಷಕ್ಕೆ ಬಿಟ್ಟಿದ್ದೇವೆ. ಅದರ ಬದಲು ಅಳತೆಯ ಜರಡಿಗಳು, ಸ್ಯಾಂಪಲ್ ಪಾಲು ಮಾಡುವ ಸಾಧನ, ಗ್ರಾಮಿನ ನೂರನೇ ಭಾಗ ತೋರಿಸುವ ತಕ್ಕಡಿ ಕೊಳ್ಳಲು ಆಡಳಿತ ಮಂಡಳಿ ಒಪ್ಪಿದೆ. ಲಾರಿ ತುಂಬುವಾಗಲೇ ಮೂರು ಸ್ಯಾಂಪಲ್ ತೆಗೆದು, ಒಂದು ನಮಗೆ, ಒಂದು ಖರೀದಿದಾರರಿಗೆ, ಒಂದನ್ನು ಮೊಹರು ಹಾಕಿ ಇಡುವುದು, ವ್ಯಾಜ್ಯ ಬಂದರೆ ಮೊಹರಿನದನ್ನು ಪ್ರಯೋಗಾಲಯಕ್ಕೆ ಕಳಿಸುವುದು ಎಂದು ಕರಾರಿನಲ್ಲಿ ಬರೆಸಲು ಹೊರಟಿದ್ದೇವೆ. ಮೊಹರಿನ ಸ್ಯಾಂಪಲ್‌ಗೆ ಬಟ್ಟೆಯ ಚೀಲಗಳನ್ನು ಹೊಲಿಸಲು ಹೇಳಿದ್ದೇನೆ.

ಉತ್ತರ 5 (ನಿವೃತ್ತ ಗ್ರೇಡರ್, ಕಲಬುರಗಿ)

ಬಟ್ಟೆಯ ಚೀಲ ಬೇಡ. ಜರಡಿಯ ಪರೀಕ್ಷೆಗೆ ಅದು ನಡೆಯುತ್ತದೆ, ಆದರೆ ತೇವಾಂಶದ ವ್ಯಾಜ್ಯಕ್ಕೆ ನಿಲ್ಲದು. ವಾರದೊಳಗೆ ಕಾಳು ಹೊರಗಿನ ಹವೆಗೆ ಹೊಂದಿಕೊಂಡುಬಿಡುತ್ತದೆ. ಗಾಳಿಯಾಡದ ಮುಚ್ಚಳದ ಡಬ್ಬಿಯನ್ನು ಬಾಯಿವರೆಗೆ ತುಂಬಿ, ಮುಚ್ಚಳದ ಸುತ್ತ ಅಂಟುಪಟ್ಟಿ ಸುತ್ತಿ, ಅದರ ಮೇಲೆ ಇಬ್ಬರ ಸಹಿ ಹಾಕಿಸಿ. ಡಬ್ಬಿಯ ಒಳಗೊಂದು ಹೊರಗೊಂದು ಚೀಟಿ ಇರಲಿ. ಲಾರಿ ಸಂಖ್ಯೆ, ದಿನ, ಚುಚ್ಚಿದ ಚೀಲಗಳ ಎಣಿಕೆ ಎರಡರಲ್ಲೂ ಇರಬೇಕು. ಹೊರಗಿನ ಚೀಟಿಯನ್ನು ಇಲಿ ತಿಂದದ್ದನ್ನು ಕಂಡಿದ್ದೇನೆ.